ಬೇಡ ಅಂದಿದ್ರೆ ಊಟ ಮಾಡಿ ಮಲಗ್ತಿದ್ದೆ, ಮೇಡಂ

ರಾಜಾಜಿನಗರದಲ್ಲಿ ನಾನು ಆಪ್ತಸಮಾಲೋಚನೆ ನಡೆಸುವ ಪುಟ್ಟ ಕೋಣೆಗೆ ಪೀಣ್ಯ ಕಡೆಯಿಂದ ಬರುವವರು ಜಾಸ್ತಿ. ಸಾಲ, ಕುಡಿತ, ಅತ್ತೆ ಸೊಸೆ ಜಗಳ, ಇವೆಲ್ಲ ಮಾಮೂಲಿ. ಈಚೆಗೆ ಇನ್ನೊಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ‘ನಾನು ಹೇಳಿದ್ದನ್ನ ಕೆಲಸದಲ್ಲಿ ಯಾರೂ ಕೇಳಲಿಲ್ಲ.’ ಮೊದಮೊದಲು ಇದನ್ನು ಬರೀ ಪ್ರತಿಷ್ಠೆಯ ಮಾತು ಅಂದುಕೊಂಡಿದ್ದೆ. ಆ ತಪ್ಪನ್ನು ತಿದ್ದಿದವರು ಒಬ್ಬ ಸೂಪರ್‌ವೈಸರ್. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರಗಳಲ್ಲಿ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಕರೆತಂದವರು ಹೆಂಡತಿ. ‘ಮನೇಲಿ ಮಾತೇ ಇಲ್ಲ ಮೇಡಂ, ರಾತ್ರಿ ಎರಡು ಗಂಟೆಗೆ ಎದ್ದು ಕೂತಿರ್ತಾರೆ’ ಎಂದರು. ಮೊದಲ ಎರಡು ಭೇಟಿಯಲ್ಲಿ ಇವರು ಫ್ಯಾನ್ ನೋಡುತ್ತಾ ಕೂತಿದ್ದರು, ಅಷ್ಟೇ.

ಮೂರನೇ ಸಲ ಬಾಯಿ ಬಿಟ್ಟರು. ಒಂದು ಜಾಬ್ ಮುಗಿಸಿ ಇನ್ನೊಂದಕ್ಕೆ ಯಂತ್ರ ಸಿದ್ಧ ಮಾಡಲು ಅವರಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತಂತೆ. ಅದರಲ್ಲಿ ಅರ್ಧ ಹೊತ್ತು ಫಿಕ್ಸ್ಚರ್ (ಬಿಡಿಭಾಗವನ್ನು ಬಿಗಿಯಾಗಿ ಹಿಡಿದಿಡುವ ಸಾಧನ) ಹುಡುಕುವುದಕ್ಕೇ ಹೋಗುತ್ತಿತ್ತು. ಯಂತ್ರ ಓಡುತ್ತಿರುವಾಗಲೇ ಮುಂದಿನ ಜಾಬ್‌ನ ಸಾಮಾನೆಲ್ಲ ಟ್ರಾಲಿಯಲ್ಲಿ ತಂದು ಪಕ್ಕದಲ್ಲಿ ಇಟ್ಟರೆ ಸಾಕು ಎಂದು ಇವರು ಬರೆದುಕೊಟ್ಟಿದ್ದರು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿ, ಹತ್ತು ನಿಮಿಷದೊಳಗೆ ಯಂತ್ರ ಸಿದ್ಧವಾಗಬೇಕು ಎಂಬ ಗುರಿ ಇಟ್ಟರು ಅಂತ ನನಗೆ ಪಾಠ ಮಾಡಿದವರೂ ಇವರೇ. ಆಗ ಮುಖದಲ್ಲಿ ಮೊದಲ ಬಾರಿ ಕಳೆ ಕಂಡಿತು.

ಮ್ಯಾನೇಜರ್ ‘ನೋಡೋಣ ಬಿಡಿ’ ಎಂದರು. ಎಂಟು ತಿಂಗಳು ಕಳೆಯಿತು. ಆಮೇಲೆ ಹೊರಗಿನಿಂದ ಬಂದ ಸಲಹೆಗಾರರೊಬ್ಬರು ಗೋಡೆ ಮೇಲೆ ಚಿತ್ರ ಬಿಟ್ಟು ಅದೇ ಟ್ರಾಲಿ ತೋರಿಸಿದರು. ಆಯುಧ ಪೂಜೆಯ ದಿನ ಅವರಿಗೆ ಶಾಲು, ಮೈಸೂರು ಪೇಟ. ಬೂದುಗುಂಬಳಕಾಯಿ ಒಡೆದವರು ಇವರು.

‘ಬೇಡ ಅಂದಿದ್ರೆ ಮನೆಗೆ ಹೋಗಿ ಊಟ ಮಾಡಿ ಮಲಗ್ತಿದ್ದೆ ಮೇಡಂ. ಏನೂ ಅನ್ನಲಿಲ್ಲವಲ್ಲ! ದಿನಾ ನೋಡೋಣ, ನೋಡೋಣ...’

ಅಲ್ಲಿಗೆ ನಿಲ್ಲಿಸಿದರು. ನಾನೂ ಸುಮ್ಮನಿದ್ದೆ. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ ಅಂದರು: ‘ನಮ್ಮ ಹೆಲ್ಪರ್ ಹುಡುಗ ಏನೋ ಕೇಳಿದ್ದ. ಜಾತ್ರೆಗೆ ಊರಿಗೆ ಹೋಗೋಕೆ ಮುಂಚೆ. ನಾನೂ ನೋಡೋಣ ಬಿಡೋ ಅಂದೆ.’

ಏನು ಕೇಳಿದ್ದ ಎಂದೆ. ನೆನಪಿರಲಿಲ್ಲ. ಮುಖಕ್ಕೆ ಕರ್ಚೀಫು ಒತ್ತಿಕೊಂಡರು.

ನಾನು ಕೊಟ್ಟ ಸಲಹೆ ಇದು. ಮ್ಯಾನೇಜರ್ ವಿಷಯ ಆಮೇಲೆ. ಈ ವಾರದೊಳಗೆ ಆ ಹುಡುಗನ ಹತ್ತಿರ ಹೋಗಿ, ಮರೆತೆ ಅಂತ ಒಪ್ಪಿಕೊಂಡು, ಮತ್ತೊಮ್ಮೆ ಕೇಳಿಸಿಕೊಳ್ಳಿ. ಆಗುತ್ತೆ, ಆಗಲ್ಲ, ಇಂಥ ದಿನ ಹೇಳ್ತೀನಿ, ಮೂರರಲ್ಲಿ ಒಂದು ಉತ್ತರ ಕೊಡಿ. ಆಗಲ್ಲ ಅಂದರೆ ಕಾರಣ ಹೇಳಿ. ನಿಮ್ಮ ಸ್ವಂತ ಯೋಚನೆಗಳನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಈಗ ಎಷ್ಟು ನಿಮಿಷ, ಮಾಡಿದರೆ ಎಷ್ಟು ಉಳಿಯುತ್ತೆ, ಯಾರು ಒಪ್ಪಬೇಕು. ಕೊಡುವಾಗಲೇ ‘ಯಾವತ್ತು ಹೇಳ್ತೀರಿ ಸಾರ್’ ಎಂದು ಕೇಳಿ. ಎರಡು ಸಲ ಕೇಳಿಯೂ ಉತ್ತರ ಬರದಿದ್ದರೆ ಪುಟ ತಿರುಗಿಸಿ.

ನನ್ನ ಸಹೋದ್ಯೋಗಿಗೆ ಇದು ಹಿಡಿಸಲಿಲ್ಲ. ‘ಅವರ ಹೆಸರು ಬೇರೆಯವರ ಪಾಲಾಗಿದೆ, ನೀವು ಅವರಿಗೇ ಬುದ್ಧಿ ಹೇಳಿ ಕಳಿಸಿದ್ರಾ?’ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಆದರೂ ನನ್ನ ನಿಲುವು ಬದಲಾಗಿಲ್ಲ. ಆಯುಧ ಪೂಜೆಯ ಆ ಶಾಲನ್ನು ನಾನು ವಾಪಸ್ ತಂದುಕೊಡಲಾರೆ. ಇವರ ನಿದ್ದೆ ಕೆಡಿಸಿದ್ದು ಉತ್ತರವಿಲ್ಲದ ಕಾಯುವಿಕೆ. ಅವರ ಕೈಯಲ್ಲಿ ತಕ್ಷಣ ಸರಿಮಾಡಬಹುದಾದ ಕಾಯುವಿಕೆ ಒಂದೇ ಇತ್ತು, ಆ ಹುಡುಗನದು. ಮ್ಯಾನೇಜರ್ ಮಾಡಿದ್ದು ಸರಿ ಅಂತ ನಾನು ಎಲ್ಲೂ ಹೇಳಿಲ್ಲ.

ಮಾಲೀಕರಿಗೂ ಒಂದು ಮಾತು. ಬಾಗಿಲ ಪಕ್ಕ ಸಲಹಾ ಪೆಟ್ಟಿಗೆ ನೇತುಹಾಕಿರುತ್ತೀರಿ, ಅದರ ಬೀಗದಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲ್ಲ. ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾ, ಜಪಾನಿನಲ್ಲಿ ಸಲಹೆ ಪದ್ಧತಿ ಶುರು ಮಾಡಿದ್ದು 1951ರಲ್ಲಿ. ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ನೋಡಿ ಕಲಿತದ್ದು ಅದು. ಪೆಟ್ಟಿಗೆ ಯಾರು ಬೇಕಾದರೂ ಇಡಬಹುದು. ಅದರೊಳಗಿನ ಚೀಟಿಗೆ ಹದಿನೈದು ದಿನದಲ್ಲಿ ಉತ್ತರ ಕೊಡುವವರು ಯಾರು ಎಂದು ಮೊದಲು ಹೆಸರಿಸಿ. ದೊಡ್ಡ ಬಹುಮಾನ ಇಟ್ಟರೆ ‘ಇದು ನಂದು, ಅದು ನಿಂದು’ ಎಂಬ ಜಗಳವೂ ಜೊತೆಗೇ ಬರುತ್ತೆ. ಅದನ್ನೂ ನಾನು ಈ ಕೋಣೆಯಲ್ಲೇ ಕೇಳಿದ್ದೇನೆ.

ಇವರು ಹುಡುಗನ ಹತ್ತಿರ ಹೋದರು. ಅವನು ಕೇಳಿದ್ದು ಯಂತ್ರದ ಪಕ್ಕ ಒಂದು ಏರ್ ಗನ್. ಬ್ರಷ್ ಬಿಟ್ಟು ಗಾಳಿ ಹೊಡೆದರೆ ಲೋಹದ ಚೂರು ಬೇಗ ಹೋಗುತ್ತೆ ಅಂತ. ಗಾಳಿಗೆ ಚೂರು ಕಣ್ಣಿಗೆ ಹಾರುತ್ತೆ, ಯಂತ್ರದ ಸಂದಿಗೂ ಸೇರುತ್ತೆ, ಅದಕ್ಕೇ ಆಗಲ್ಲ ಎಂದು ಇವರು ತೋರಿಸಿ ಹೇಳಿದರಂತೆ.

‘ಅಷ್ಟೇನಾ ಅಣ್ಣ, ಅವತ್ತೇ ಹೇಳಬಾರದಿತ್ತಾ’ ಅಂದು ಬ್ರಷ್ ಎತ್ತಿಕೊಂಡು ಹೋದನಂತೆ ಅವನು. ಇವರು ನಾಲ್ಕನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. ಮೊದಲ ಪುಟದಲ್ಲಿ ಇದ್ದದ್ದು ಹುಡುಗನ ಏರ್ ಗನ್, ಎದುರಿಗೆ ಉತ್ತರ, ತಾರೀಖು. ಮ್ಯಾನೇಜರ್ ಜೊತೆ ಇನ್ನೂ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.