ಊಟ ತರುವ ಹುಡುಗನಿಗೆ ಮನೆ ಸಿಗುತ್ತೆ, ಆಂಬುಲೆನ್ಸ್‌ಗೆ ಯಾಕೆ ಸಿಗಲ್ಲ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಹೋದ ತಿಂಗಳು ರಾತ್ರಿ ಹನ್ನೊಂದು ಗಂಟೆಗೆ ಅಪ್ಪನಿಗೆ ಎದೆನೋವು ಬಂತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ಊರು, ಹತ್ತಿರ ಏನಿದೆ ಅಂತ ಒಂದೇ ಸಮ ಕೇಳಿದರು. ಸಿಟ್ಟು ಬಂತು. ಶಿವಮೊಗ್ಗದಲ್ಲಿ ತಂಗಿಯ ಮನೆಗೆ ಊಟ ತರುವ ಹುಡುಗ ಒಂದು ಮಾತೂ ಕೇಳದೆ ಬಾಗಿಲಿಗೇ ಬರ್ತಾನೆ. ನನ್ನ ಫೋನ್ ಎಲ್ಲಿದೆ ಅಂತ ಇವರಿಗೆ ಕಾಣುವುದಿಲ್ಲವಾ? ಅಪ್ಪ ಈಗ ಹುಷಾರಾಗಿದ್ದಾರೆ. ನನ್ನ ಸಿಟ್ಟು ಮಾತ್ರ ಹೋಗಿಲ್ಲ.
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಅಪ್ಪ ಹುಷಾರಾದರಲ್ಲ, ಮೊದಲು ಅದು ಸಮಾಧಾನ. ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತೆ ತಮ್ಮಾ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. 2016ರಲ್ಲಿ ನಮ್ಮ ಭಾವ ಅಡಿಕೆ ಮರದಿಂದ ಬಿದ್ದರು. ಅಕ್ಕನ ಮಗಳು ಫೋನ್ ಮಾಡಿ ಊರಿನ ಹೆಸರು ಹೇಳಿದಳು. ಅದೇ ಹೆಸರಿನ ಇನ್ನೊಂದು ಊರು ಅದೇ ತಾಲ್ಲೂಕಿನಲ್ಲಿದೆ. ಗಾಡಿ ಅಲ್ಲಿಗೆ ಹೋಯಿತು. ವಾಪಸ್ ಬರುವಷ್ಟರಲ್ಲಿ ಐವತ್ತು ನಿಮಿಷ ಹೋಗಿತ್ತು. ಭಾವ ಉಳಿದುಕೊಂಡರು, ಈಗ ಕೋಲು ಹಿಡಿದು ನಡೀತಾರೆ. ನಾನು ಟೆಲಿಫೋನ್ ಇಲಾಖೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿದವಳು. ಕೊನೆಯ ಹತ್ತು ವರ್ಷ ಜೀಪಿನಲ್ಲಿ ಕೂತು ಘಟ್ಟದ ದಾರಿಗಳಲ್ಲಿ ಟವರ್ ಸಿಗ್ನಲ್ ಅಳೆಯುವುದೇ ನನ್ನ ಕೆಲಸವಾಗಿತ್ತು. ಅಂಥವಳ ಮನೆಯವರಿಗೇ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ಅದಕ್ಕೇ ನಿಮಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಊಟದ ಆ್ಯಪ್‌ ನಿಮ್ಮ ಜಾಗ ಹುಡುಕುವುದಿಲ್ಲ. ನಿಮ್ಮ ಫೋನೇ ಅದಕ್ಕೆ ಹೇಳುತ್ತೆ. ಆ್ಯಪ್‌ ಹಾಕಿಕೊಳ್ಳುವಾಗ ‘ಲೊಕೇಶನ್ ಕೊಡಲಾ?’ ಅಂತ ಕೇಳಿತ್ತು, ತಂಗಿ ಹೂಂ ಅಂದಿದ್ದಳು. ಮೇಲೆ ಸುಮಾರು 20,000 ಕಿ.ಮೀ. ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳಲ್ಲಿ ನಾಲ್ಕಾದರೂ ಕಂಡರೆ ಫೋನ್ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತೆ. ಅದನ್ನು ಇಂಟರ್‌ನೆಟ್‌ನಲ್ಲಿ ಆ್ಯಪ್‌ಗೆ ಕಳಿಸುತ್ತೆ. ಅಷ್ಟೇ.

ನೀವು ಆ ರಾತ್ರಿ ಮಾಡಿದ್ದು ಬರೀ ಮಾತಿನ ಕರೆ. ಅದು ಹೋಗುವ ದಾರಿ ಬೇರೆ. ಆ ದಾರಿಯಲ್ಲಿ ನಿಮ್ಮ ದನಿ ಹೋಗುತ್ತೆ, ನಂಬರ್ ಹೋಗುತ್ತೆ. ಜಾಗದ ವಿಷಯಕ್ಕೆ ಬಂದರೆ, ಫೋನ್ ಕಂಪನಿಗೆ ತಾನಾಗಿ ಗೊತ್ತಿರುವುದು ನೀವು ಯಾವ ಟವರಿಗೆ ಸಿಕ್ಕಿದ್ದೀರಿ ಅನ್ನೋದು ಮಾತ್ರ.

ಟವರಿಗೆ ಎಷ್ಟು ಗೊತ್ತಾಗುತ್ತೆ? ನಾವು ಮಾಡುತ್ತಿದ್ದ ಹಾಗೇ ಹೇಳ್ತೀನಿ. ಸಾಮಾನ್ಯವಾಗಿ ಒಂದು ಟವರಿಗೆ ಮೂರು ಮುಖ. ಒಂದೊಂದು ಮುಖ ಸುತ್ತಲಿನ ಮೂರನೇ ಒಂದು ಭಾಗ ನೋಡಿಕೊಳ್ಳುತ್ತೆ. ಹಾಗಾಗಿ ದಿಕ್ಕು ಗೊತ್ತಾಗುತ್ತೆ, ಆದರೆ ಬಹಳ ಅಗಲವಾಗಿ. ಇನ್ನು ದೂರ. ಫೋನಿನ ಸಿಗ್ನಲ್ ಟವರಿಗೆ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ದೂರ ಸಿಗುತ್ತೆ. ಹಳೆಯ 2ಜಿಯಲ್ಲಿ ಈ ಅಳತೆ ಸುಮಾರು 550 ಮೀಟರ್‌ನ ಹೆಜ್ಜೆಗಳಲ್ಲಿ ಬರುತ್ತಿತ್ತು. ಒಂಬತ್ತು ಹೆಜ್ಜೆ ಅಂದರೆ ಸುಮಾರು ಐದು ಕಿ.ಮೀ. ನಾನು ಮೇಜಿನ ಮೇಲೆ ನಕ್ಷೆ ಹರಡಿ, ಟವರಿರುವ ಗುಡ್ಡದ ಮೇಲೆ ಕೈವಾರದ ಮೊನೆ ಊರಿ, ಐದು ಕಿ.ಮೀ.ಗೆ ಗೀರು ಎಳೀತಿದ್ದೆ. ಆ ಮುಖಕ್ಕೆ ಸೇರಿದಷ್ಟು ಉಳಿಸಿ ಮಿಕ್ಕಿದ್ದು ಅಳಿಸುತ್ತಿದ್ದೆ. ಕೊನೆಗೆ ಕಾಗದದ ಮೇಲೆ ಉಳಿಯುತ್ತಿದ್ದದ್ದು ಒಡೆದ ಬಳೆಯ ಚೂರಿನಂಥ ಒಂದು ಪಟ್ಟಿ. ನೆಲದ ಮೇಲೆ ಅದು ಅರ್ಧ ಕಿ.ಮೀ. ಅಗಲ, ಹತ್ತು ಕಿ.ಮೀ. ಉದ್ದ! ಆ ಪಟ್ಟಿಯೊಳಗೆ ಮೂರು ಊರು, ಒಂದು ಹೊಳೆ, ಕಾಡು, ಹತ್ತಾರು ಒಂಟಿ ಮನೆ. ಅದರಲ್ಲಿ ನಿಮ್ಮ ಮನೆ ಯಾವುದು?

4ಜಿಯಲ್ಲಿ ಆ ಹೆಜ್ಜೆ 78 ಮೀಟರಿಗೆ ಇಳಿದಿದೆ. ಬಳೆ ಸಣ್ಣದಾಯಿತು, ಆದರೆ ಉದ್ದ ಅಷ್ಟೇ. ಮೂರು ಟವರ್‌ಗಳಿಗೆ ಒಟ್ಟಿಗೆ ಸಿಕ್ಕಿದರೆ ಗೀರುಗಳು ಒಂದನ್ನೊಂದು ಕತ್ತರಿಸುವ ಜಾಗ ನೋಡಬಹುದು. ಬೆಂಗಳೂರಿನಲ್ಲಿ ಬೀದಿಗೊಂದು ಟವರ್, ಅಲ್ಲಿ ಇದು ನಡೆಯುತ್ತೆ. ನಮ್ಮ ಕಡೆ ಒಂದು ಟವರ್ ಸಿಕ್ಕಿದರೇ ಪುಣ್ಯ, ಅಲ್ವಾ?

ನೀರಿರುವ ಕಡೆ ಇನ್ನೂ ಕಷ್ಟ. ನೀವು ಸಾಗರದವರು, ಇದು ನಿಮಗೆ ಹೇಳಿದ ಕೂಡಲೇ ಗೊತ್ತಾಗುತ್ತೆ. ನೀರಿನ ಮೇಲೆ ಸಿಗ್ನಲಿಗೆ ಅಡ್ಡಿ ಇಲ್ಲ, ದೂರದವರೆಗೆ ಹೋಗುತ್ತೆ. ಶರಾವತಿ ಹಿನ್ನೀರಿನ ಈ ದಡದಲ್ಲಿ ನಿಂತರೆ ಎಷ್ಟೋ ಸಲ ಆ ದಡದ ಟವರೇ ಫೋನನ್ನು ಹಿಡಿದುಕೊಳ್ಳುತ್ತೆ. ಟವರ್ ನೋಡಿ ಗಾಡಿ ಕಳಿಸಿದರೆ ಅದು ಹೋಗಿ ನಿಲ್ಲುವುದು ಎದುರು ದಡದಲ್ಲಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅದಕ್ಕೆ ಮುಂಚೆ ಆ ಕಡೆಗೆ ದಾಟಬೇಕಾದರೆ ಲಾಂಚ್‌ಗೆ ಕಾಯಬೇಕಿತ್ತು. ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಆ ದಡದ ತುಮರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಗಡಿಯಲ್ಲೂ ಇದೇ ಕಥೆ. ತಲಪಾಡಿ ಹತ್ತಿರ ಕೇರಳದ ಟವರಿಗೆ ಸಿಕ್ಕಿದರೆ ಕರೆ ಕೇರಳಕ್ಕೇ ಹೋಗಬಹುದು. ಎತ್ತಿದವರು ಮಲಯಾಳದಲ್ಲಿ ಮಾತಾಡಿದರೆ ಗಾಬರಿಯಾಗಿ ಇಡಬೇಡಿ. ‘ಕರ್ನಾಟಕ’ ಅಂತ ಹೇಳಿ, ಊರಿನ ಹೆಸರು ಹೇಳಿ.

ಹಾಗಾದರೆ ಫೋನಿಗೆ ಗೊತ್ತಿರುವ ಜಾಗವನ್ನು ಕರೆಯ ಜೊತೆಗೇ ಕಳಿಸಬಾರದಾ? ಕಳಿಸಬಹುದು. 2014ರಲ್ಲಿ ಬ್ರಿಟನ್ನಿನಲ್ಲಿ ಬಿಟಿ ಅನ್ನೋ ಟೆಲಿಫೋನ್ ಕಂಪನಿಯವರು ಅದನ್ನು ಮಾಡಿ ತೋರಿಸಿದರು. ಅಲ್ಲಿನ ತುರ್ತು ನಂಬರ್ 999ಕ್ಕೆ ಕರೆ ಮಾಡಿದ ಕೂಡಲೇ ಫೋನ್ ತಾನೇ ಜಿಪಿಎಸ್, ವೈಫೈ ಎರಡನ್ನೂ ನೋಡಿ, ಜಾಗ ಲೆಕ್ಕ ಹಾಕಿ, ಸದ್ದಿಲ್ಲದೆ ಒಂದು ಎಸ್‌ಎಂಎಸ್ ಕಳಿಸುತ್ತೆ. ಅರ್ಧ ನಿಮಿಷವೂ ಬೇಡ. ನೀವು ಆ್ಯಪ್‌ ಹಾಕಬೇಕಿಲ್ಲ, ಏನೂ ಒತ್ತಬೇಕಿಲ್ಲ. 2016ರಲ್ಲಿ ಗೂಗಲ್ ಇದನ್ನು ಆಂಡ್ರಾಯ್ಡ್ ಫೋನ್‌ಗಳಿಗೆ ಸೇರಿಸಿತು, 2018ರಲ್ಲಿ ಆ್ಯಪಲ್ ಕೂಡ. 2022ರ ಮಾರ್ಚ್ 17ರಿಂದ ಯುರೋಪ್ ಒಕ್ಕೂಟದಲ್ಲಿ ಮಾರುಕಟ್ಟೆಗೆ ಬರುವ ಹೊಸ ಸ್ಮಾರ್ಟ್‌ಫೋನ್‌ಗಳಲ್ಲಿ ಈ ಸೌಲಭ್ಯ ಇರಲೇಬೇಕು.

ಇಲ್ಲೊಂದು ಮಾತು ಗಮನಿಸಿ. ಫೋನ್ ಕಳಿಸಿದರೆ ಸಾಲದು. ಆ ಕಡೆ ತೆಗೆದುಕೊಳ್ಳುವವರೂ ಸಿದ್ಧವಾಗಿರಬೇಕು. 2019ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಒಬ್ಬ ಹುಡುಗ, 27 ವರ್ಷ, ದಕ್ಷಿಣ ಇಟಲಿಯ ಸಮುದ್ರದಂಚಿನ ಬೆಟ್ಟದಲ್ಲಿ ಒಬ್ಬನೇ ಚಾರಣ ಹೋಗಿದ್ದ. ಬಂಡೆಯಿಂದ ಬಿದ್ದು ಎರಡೂ ಕಾಲು ಮುರಿಯಿತು. ಫೋನ್ ಮಾಡಿದ. ಮಾತಾಡಿದ. ಆದರೆ ತಾನೆಲ್ಲಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ, ಸಮುದ್ರ ಕಾಣುತ್ತೆ ಅನ್ನೋದಷ್ಟೇ ಗೊತ್ತು. ಆಗ ಇಟಲಿಯಲ್ಲಿ ಈ ವ್ಯವಸ್ಥೆ ಜಾರಿಯಾಗಿರಲಿಲ್ಲ. ಒಂಬತ್ತು ದಿನದ ನಂತರ ಅವನ ಶವ ಸಿಕ್ಕಿತು. ಬೇಗ ಸಿಕ್ಕಿದ್ದರೂ ಉಳಿಯುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ಒಂಬತ್ತು ದಿನ ಹುಡುಕಬೇಕಾಯಿತಲ್ಲ, ಅದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ನಮ್ಮ ದೇಶದಲ್ಲಿ ಆಂಡ್ರಾಯ್ಡ್‌ನ ಈ ಸೌಲಭ್ಯವನ್ನು ಪೂರ್ತಿ ಬಳಕೆಗೆ ತಂದ ಮೊದಲ ರಾಜ್ಯ ಉತ್ತರ ಪ್ರದೇಶ. ಇಡೀ ದೇಶಕ್ಕೆ ಇದು ಬರಬೇಕು. 2018ರ ಜನವರಿಯಿಂದ ಎಲ್ಲ ಹೊಸ ಫೋನ್‌ಗಳಲ್ಲೂ ಜಿಪಿಎಸ್ ಇರಬೇಕು ಅಂತ ನಮ್ಮಲ್ಲಿ ನಿಯಮವೇ ಇದೆ. ಫೋನಿನ ಒಳಗೆ ಜಾಗ ಗೊತ್ತಿದ್ದೂ ಅದು ಕರೆ ಎತ್ತಿದವರಿಗೆ ಕಾಣದಿದ್ದರೆ ಏನು ಪ್ರಯೋಜನ? ನಿಮ್ಮ ಸಿಟ್ಟು ಅರ್ಥವಾಗುತ್ತೆ ಅಂದಿದ್ದು ಇದಕ್ಕೇ. ಆದರೆ ಆ ಸಿಟ್ಟನ್ನು ಫೋನ್ ಎತ್ತಿದ ಹುಡುಗಿಯ ಮೇಲೆ ತೀರಿಸಬೇಡಿ. ಅವಳು ನಿಮ್ಮ ತಾಲ್ಲೂಕಿನವಳಲ್ಲ. ಅವಳ ಮುಂದಿನ ಪಟ್ಟಿಯಲ್ಲಿ ಎಷ್ಟೋ ಹೊಸೂರು, ಎಷ್ಟೋ ಹೊಸಹಳ್ಳಿ ಇರುತ್ತೆ. ಅವಳು ಕೇಳಿದ ಒಂದೊಂದು ಪ್ರಶ್ನೆಯೂ ಆ ಬಳೆ ಚೂರನ್ನು ಸಣ್ಣದು ಮಾಡುತ್ತಿತ್ತು.

ಈಗ ಕೈಲಾಗುವುದು ಹೇಳ್ತೀನಿ. ‘112 ಇಂಡಿಯಾ’ ಅನ್ನೋ ಸರ್ಕಾರದ ತುರ್ತು ಸಹಾಯದ ಆ್ಯಪ್‌ ಹಾಕಿಕೊಳ್ಳಿ. ಅದು ಜಾಗ ಕಳಿಸುತ್ತೆ. ಫೋನಿನ ಲೊಕೇಶನ್ ಆನ್ ಇಡಿ. ಹಂಚಿನ ಮಾಡಿನ ಒಳಗಿದ್ದರೆ ಅಂಗಳಕ್ಕೆ ಬನ್ನಿ, ತೋಟದಲ್ಲಿದ್ದರೆ ಮರದ ನೆರಳು ಬಿಟ್ಟು ಆಕಾಶ ಕಾಣುವ ಕಡೆ ನಿಲ್ಲಿ. ದಾರಿಯಲ್ಲಾದರೆ ಕಿ.ಮೀ. ಕಲ್ಲು ಹುಡುಕಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಬಣ್ಣ, ಊರು, ಅಂಕಿ ಮೂರನ್ನೂ ಓದಿ ಹೇಳಿ. ಕರೆ ಮುಗಿದ ಮೇಲೆ ಅದೇ ಫೋನಿನಿಂದ ನೆಂಟರಿಗೆಲ್ಲ ಫೋನ್ ಮಾಡುತ್ತಾ ಕೂರಬೇಡಿ. ಗಾಡಿಯ ಡ್ರೈವರ್ ದಾರಿ ಕೇಳಲು ಆ ನಂಬರಿಗೇ ಫೋನ್ ಮಾಡೋದು. ನಮ್ಮ ಭಾವ ಬಿದ್ದ ದಿನ ಹೀಗೇ ಆಯಿತು. ಡ್ರೈವರ್ ಮೂರು ಸಲ ಪ್ರಯತ್ನಿಸಿದಾಗಲೂ ಅಕ್ಕನ ಮಗಳ ಫೋನ್ ಬ್ಯುಸಿ.

ಪ್ರಶ್ನೆ: ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ ಒಬ್ಬಳೇ ಇದ್ದಾಳೆ. ಅವಳು ಫೋನ್ ಎತ್ತದಿದ್ದರೆ ನಾನು ಮೈಸೂರಿನಿಂದ 911ಕ್ಕೆ ಮಾಡಬಹುದಾ?
— ಒಬ್ಬ ತಾಯಿ

ಉತ್ತರ: ಇಲ್ಲಿಂದ 911 ಒತ್ತಿದರೆ ಅದು ಡಲ್ಲಾಸ್‌ಗೆ ಹೋಗಲ್ಲ ತಾಯಿ. ಇಂಥ ತುರ್ತು ನಂಬರ್‌ಗಳು ಕರೆ ಮಾಡಿದವರು ನಿಂತ ಜಾಗದಲ್ಲಷ್ಟೇ ಕೆಲಸ ಮಾಡುತ್ತವೆ. ಮಗಳಿರುವ ಕಡೆಯ ಪೊಲೀಸ್ ಠಾಣೆಯ ಹತ್ತು ಅಂಕಿಯ ಮಾಮೂಲಿ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಮುಂದೆ +1 ಸೇರಿಸಿ ಇಲ್ಲಿಂದಲೇ ಮಾಡಬಹುದು. ಅದರ ಪಕ್ಕದಲ್ಲೇ ಅವಳ ಮನೆಯ ಪೂರ್ತಿ ವಿಳಾಸ, ಅಪಾರ್ಟ್‌ಮೆಂಟ್ ನಂಬರ್ ಸಮೇತ ಇರಲಿ.

ಇನ್ನೊಂದು ವಿಷಯ ಮಗಳಿಗೆ ಹೇಳಿ. ಅಲ್ಲಿ ಮನೆಯೊಳಗೆ ಸಿಗ್ನಲ್ ಇಲ್ಲದಾಗ ಎಷ್ಟೋ ಜನ ವೈಫೈ ಮೂಲಕ ಮಾತಾಡುತ್ತಾರೆ. ಅದನ್ನು ಶುರು ಮಾಡುವಾಗಲೇ ಫೋನ್ ಒಂದು ತುರ್ತು ವಿಳಾಸ ಕೇಳುತ್ತೆ. ವೈಫೈನಿಂದ 911ಕ್ಕೆ ಕರೆ ಹೋದರೆ ಆ ವಿಳಾಸಕ್ಕೇ ಗಾಡಿ ಬರಬಹುದು. ಮನೆ ಬದಲಾಯಿಸಿದವರು ಅದನ್ನು ಬದಲಾಯಿಸಲು ಮರೆತುಬಿಡುತ್ತಾರೆ. ಇವತ್ತೇ ಸೆಟ್ಟಿಂಗ್ಸ್ ತೆಗೆದು ನೋಡಲಿ.

ಪ್ರಶ್ನೆ: ಸಿನಿಮಾಗಳಲ್ಲಿ ಪೊಲೀಸರು ‘ಇನ್ನೊಂದು ನಿಮಿಷ ಮಾತಾಡಿಸಿ, ಟ್ರೇಸ್ ಆಗ್ತಿದೆ’ ಅಂತಾರಲ್ಲ, ಅದು ನಿಜವಾ?
— ಪಿಯುಸಿ ವಿದ್ಯಾರ್ಥಿ, ಹಾವೇರಿ

ಉತ್ತರ: ಒಂದು ಕಾಲದಲ್ಲಿ ನಿಜವಾಗಿತ್ತು ಮಗಾ. ನಾನು ಕೆಲಸಕ್ಕೆ ಸೇರಿದ್ದು ಸ್ಟ್ರೋಜರ್ ಅನ್ನೋ ಹಳೇ ಕಾಲದ ಸ್ವಿಚ್ಚುಗಳ ಟೆಲಿಫೋನ್ ಎಕ್ಸ್‌ಚೇಂಜ್‌ಗೆ. ಕೋಣೆ ತುಂಬ ಆಳೆತ್ತರದ ರ್‍ಯಾಕ್‌ಗಳು, ಟಕ ಟಕ ಅಂತ ಸದ್ದು. ಯಾರು ಕರೆ ಮಾಡುತ್ತಿದ್ದಾರೆ ಅಂತ ತಿಳಿಯಬೇಕಾದರೆ ಒಂದು ಸ್ವಿಚ್ಚಿನಿಂದ ಹಿಂದಿನ ಸ್ವಿಚ್ಚಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ, ನಡೆದುಕೊಂಡೇ ಹೋಗಬೇಕಿತ್ತು. ಆ ಕಡೆಯವರು ಫೋನ್ ಇಟ್ಟರೆ ಸ್ವಿಚ್ಚು ಬಿಟ್ಟುಕೊಂಡು ಜಾಡು ಅಲ್ಲಿಗೇ ನಿಲ್ಲುತ್ತಿತ್ತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ಮೇಲೆ ನಂಬರ್ ಆ ಕ್ಷಣವೇ ಗೊತ್ತಾಗುತ್ತೆ. ಅಂದಹಾಗೆ, ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಮಾಡಿದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ.

ಪ್ರಶ್ನೆ: ನಮ್ಮತ್ತೆಗೆ 78 ವರ್ಷ. ಕೀಪ್ಯಾಡ್ ಫೋನ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹಗಲಿಡೀ ಮನೆಯಲ್ಲಿ ಒಬ್ಬರೇ ಇರ್ತಾರೆ. ಅವರಿಗೆ ಏನು ದಾರಿ?
— ಓದುಗರೊಬ್ಬರು, ಶೃಂಗೇರಿ

ಉತ್ತರ: 2017ರಿಂದ ನಮ್ಮಲ್ಲಿ ಮಾರುವ ಫೋನ್‌ಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು ಅಂತ ನಿಯಮ ಇದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುತ್ತೆ. ನಿಮ್ಮತ್ತೆಯ ಫೋನಿನಲ್ಲಿ ಯಾವುದು ಅಂತ ಫೋನಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಆ ಗುಂಡಿಯ ಮೇಲೆ ಕುಂಕುಮದ ಬಣ್ಣದ ನೇಲ್ ಪಾಲಿಶ್ ಒಂದು ಹನಿ ಹಾಕಿ. ನಾನು ನಮ್ಮಮ್ಮನಿಗೆ ಹಾಗೇ ಮಾಡಿಕೊಟ್ಟಿದ್ದೆ, ಕನ್ನಡಕ ಇಲ್ಲದಾಗಲೂ ಬೆರಳಿಗೆ ಸಿಗುತ್ತಿತ್ತು.

ಇನ್ನು, ಕ್ಯಾಲೆಂಡರ್ ಪಕ್ಕದಲ್ಲಿ ಒಂದು ಕಾಗದ ಅಂಟಿಸಿ. ದಪ್ಪ ಅಕ್ಷರದಲ್ಲಿ ಬರೆಯಿರಿ. ಗಾಬರಿಯಲ್ಲಿ ಮನೆಯ ವಿಳಾಸವೇ ಮರೆತು ಹೋಗುತ್ತೆ, ವಯಸ್ಸಾದವರಿಗೆ ಮಾತ್ರ ಅಲ್ಲ. ನಮ್ಮಕ್ಕನ ಮನೆಯಲ್ಲಿ ಭಾವ ಬಿದ್ದ ಮೇಲೆ ಅಂಟಿಸಿದ ಕಾಗದ ಈಗಲೂ ಇದೆ, ಅಂಚು ಹಳದಿಯಾಗಿದೆ. ಮೇಲೆ 112, ಅದರ ಕೆಳಗೆ 108. ಆಮೇಲೆ ಊರು, ಗ್ರಾಮ ಪಂಚಾಯಿತಿ, ಹೋಬಳಿ, ತಾಲ್ಲೂಕು. ‘ಇದೇ ಹೆಸರಿನ ಇನ್ನೊಂದು ಊರಿದೆ, ನಮ್ಮದು ಹೊಳೆಯಿಂದ ಈಚೆಗೆ’ ಅಂತ ಒಂದು ಸಾಲು. ಟಾರು ರಸ್ತೆಯಿಂದ ಎಷ್ಟು ದೂರ, ತಿರುಗುವ ಕಡೆ ಯಾವ ಅಂಗಡಿ, ಹಾಲಿನ ಡೇರಿ ಎಡಕ್ಕೋ ಬಲಕ್ಕೋ. ಪಕ್ಕದ ಮನೆಯವರ ಫೋನ್ ನಂಬರ್. ಕೊನೆಯ ಸಾಲನ್ನು ಅಕ್ಕನ ಮಗಳು ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ: ‘ಯಾರಾದರೂ ಟಾರ್ಚ್ ಹಿಡಿದು ರಸ್ತೆಗೆ ಹೋಗಿ ನಿಲ್ಲಿ. ಬೇಲಿಯ ದಣಪೆ ತೆಗೆದಿಡಿ.’