63 ವರ್ಷದ ತಂದೆಗೆ ಎಎಂಎಲ್. 7+3 ಕೀಮೋ ಕೊಡಿಸಬೇಕಾ, ಅಜಾ-ವೆನ್ ಸಾಕಾ?

ನೀವು ಬರೆದಿದ್ದರಿಂದ ನನಗೆ ಗೊತ್ತಾಗಿದ್ದು ಇಷ್ಟು. ತಂದೆಗೆ 63 ವರ್ಷ, ಶುಗರ್ ಇದೆ, ಹೋದ ತಿಂಗಳವರೆಗೂ ತೆಂಗಿನ ತೋಟಕ್ಕೆ ಓಡಾಡಿಕೊಂಡಿದ್ದವರು. ಬೋನ್ ಮ್ಯಾರೋ ಪರೀಕ್ಷೆಯಲ್ಲಿ ಎಎಂಎಲ್ (ಬೇಗ ಬೆಳೆಯುವ ಒಂದು ಬಗೆಯ ಬ್ಲಡ್ ಕ್ಯಾನ್ಸರ್) ಅಂತ ಬಂದಿದೆ. ಒಬ್ಬ ಡಾಕ್ಟರು ತಿಂಗಳ ಕಾಲ ಅಡ್ಮಿಟ್ ಮಾಡಿ 7+3 ಅನ್ನುವ ಜೋರು ಕೀಮೋ ಕೊಡೋಣ ಅಂದಿದ್ದಾರೆ, ಇನ್ನೊಬ್ಬರು ಇಂಜೆಕ್ಷನ್ ಮತ್ತು ಮಾತ್ರೆಯ ಅಜಾ-ವೆನ್ ಸಾಕು ಅಂದಿದ್ದಾರೆ. ಮನೆ ತಿಪಟೂರಿನ ಹತ್ತಿರ, ಚಿಕಿತ್ಸೆ ಬೆಂಗಳೂರಿನಲ್ಲಿ. ನಾಳೆಯೇ ಯಾವುದಾದರೂ ಒಂದಕ್ಕೆ ಒಪ್ಪಿಗೆ ಕೊಡಬೇಕು ಅನ್ನುವ ಗಾಬರಿ ನಿಮಗೆ.

ನಾನು ಡಾಕ್ಟರ್ ಅಲ್ಲ. ಬ್ಲಡ್ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಎರಡೂ ಔಷಧಿಗಳನ್ನು ಕೈಯಾರೆ ಕೊಟ್ಟಿದ್ದೇನೆ, ಆಮೇಲೆ ಬರುವ ಜ್ವರವನ್ನೂ ನೋಡಿದ್ದೇನೆ. ನನ್ನ ಮೊದಲ ಮಾತು: ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋದಾಗ "ಜೀನ್ ರಿಪೋರ್ಟ್ ಬರುವವರೆಗೆ ಕಾಯಬಹುದಾ?" ಅಂತ ಕೇಳಿ. ಕ್ಯಾನ್ಸರ್ ಕಣಗಳ ಕ್ರೋಮೋಸೋಮ್, ಜೀನ್‌ಗಳಲ್ಲಿ ಏನು ಬದಲಾಗಿದೆ ಅಂತ ಹೇಳುವ ರಿಪೋರ್ಟ್ ಅದು. ಯಾವ ಔಷಧಿ ಅನ್ನುವ ಪ್ರಶ್ನೆ ಆಮೇಲಿನದು.

ಕಾಯಲೇಬಾರದ ಸಂದರ್ಭಗಳು ಇವೆ. ಎಎಂಎಲ್‌ನಲ್ಲೇ ಎಪಿಎಲ್ ಅಂತ ಒಂದು ಬಗೆ ಇದೆ (ರೇಷನ್ ಕಾರ್ಡಿನ ಎಪಿಎಲ್ ಅಲ್ಲ). ಅದರಲ್ಲಿ ರಕ್ತಸ್ರಾವ ಯಾವಾಗ ಬೇಕಾದರೂ ಆಗಬಹುದು. ಅನುಮಾನ ಬಂದ ದಿನವೇ ಎಟಿಆರ್‌ಎ ಮಾತ್ರೆ ಶುರು ಮಾಡುತ್ತಾರೆ, ರಿಪೋರ್ಟಿಗೆ ಕಾಯುವುದಿಲ್ಲ. ಮೊದಲ ಕೆಲವು ವಾರ ದಾಟಿದರೆ ಅದು ವಾಸಿಯಾಗುವುದೇ ಜಾಸ್ತಿ, ಅದಕ್ಕೆ ಎಟಿಆರ್‌ಎ ಮತ್ತು ಆರ್ಸೆನಿಕ್ ಸಾಕಾಗುವುದೂ ಉಂಟು. ನಿಮ್ಮ ತಂದೆಯದು ಎಪಿಎಲ್ ಅಲ್ಲ ಅಂತ ಡಾಕ್ಟರ ಬಾಯಿಂದ ಖಚಿತವಾಗಿ ಕೇಳಿಸಿಕೊಳ್ಳಿ. ಹಾಗೆಯೇ ಬಿಳಿ ರಕ್ತಕಣ ಒಂದು ಲಕ್ಷ ದಾಟಿದ್ದರೆ, ಉಸಿರಾಟಕ್ಕೆ ಕಷ್ಟ ಆಗುತ್ತಿದ್ದರೆ, ಮಂಪರು ಇದ್ದರೆ ಅದು ತುರ್ತು. ಕೌಂಟ್ ಇಳಿಸಲು ಹೈಡ್ರಾಕ್ಸಿಯೂರಿಯಾ ಮಾತ್ರೆ ಆಗಲೇ ಶುರುವಾಗಬೇಕು.

ಇವು ಯಾವುದೂ ಇಲ್ಲದಿದ್ದರೆ ಕೆಲವು ದಿನ ಕಾಯುವುದರಿಂದ ಸಾಮಾನ್ಯವಾಗಿ ನಷ್ಟ ಇಲ್ಲ. ಜರ್ಮನಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಎಂಎಲ್ ರೋಗಿಗಳ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ರೋಗ ಗೊತ್ತಾದ ಐದು ದಿನದೊಳಗೆ ಕೀಮೋ ಶುರು ಮಾಡಿದವರಿಗೂ ಒಂದೆರಡು ವಾರ ತಡವಾದವರಿಗೂ ಬದುಕಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ದಿನಗಳಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಶುಗರ್ ಹತೋಟಿಗೆ ತಂದು, ಕೆಟ್ಟ ಹಲ್ಲಿದ್ದರೆ ತೋರಿಸಿ.

ಆ ರಿಪೋರ್ಟಿಗೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎಎಂಎಲ್ ಒಂದೇ ಹೆಸರಿನ ಹಲವು ಕಾಯಿಲೆ. 8 ಮತ್ತು 21ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾದ ಬಗೆ ಇದ್ದರೆ ಜೋರು ಕೀಮೋ ಒಂದರಿಂದಲೇ ಬಹಳ ಜನ ವಾಸಿಯಾಗುತ್ತಾರೆ. ಎನ್‌ಪಿಎಂ1 ಅನ್ನುವ ಜೀನಿನಲ್ಲಿ ಬದಲಾವಣೆ ಇದ್ದು, ಎಫ್‌ಎಲ್‌ಟಿ3 ಜೀನಿನಲ್ಲಿ ಇಲ್ಲದಿದ್ದರೆ ಅದೂ ಒಳ್ಳೆಯ ಸುದ್ದಿ. ಎಫ್‌ಎಲ್‌ಟಿ3 ಇದ್ದರೆ 7+3 ಜೊತೆಗೆ ಮಿಡೋಸ್ಟೌರಿನ್ ಥರದ ಮಾತ್ರೆ ಸೇರಿಸುತ್ತಾರೆ. ಟಿಪಿ53 ಜೀನ್ ಕೆಟ್ಟಿದ್ದರೆ ಮಾತ್ರ ಯಾವ ದಾರಿಯೂ ಸಲೀಸಲ್ಲ. ಅಂಥವರನ್ನು ತಿಂಗಳುಗಟ್ಟಲೆ ಜೋರು ಕೀಮೋದಲ್ಲಿ ನರಳಿಸಿ ಸಿಗುವ ಲಾಭ ತುಂಬಾ ಕಡಿಮೆ. ಇಷ್ಟು ಗೊತ್ತಿಲ್ಲದೆ 7+3 ಸರಿಯಾ ಅಜಾ-ವೆನ್ ಸರಿಯಾ ಅಂತ ಯಾರು ಹೇಳಿದರೂ ಅದು ಅರ್ಧ ಉತ್ತರ.

ಈಗ ಎರಡು ಚಿಕಿತ್ಸೆಗಳ ವಿಷಯ. 7+3 ಅಂದರೆ ಏಳು ದಿನ ಹಗಲು ರಾತ್ರಿ ಪಂಪಿನಲ್ಲಿ ಸೈಟರಾಬಿನ್, ಅದರಲ್ಲಿ ಮೂರು ದಿನ ಡೌನೋರುಬಿಸಿನ್ ಅನ್ನುವ ಕೆಂಪು ಔಷಧಿ. 1970ರ ದಶಕದ ಪದ್ಧತಿ, ಇನ್ನೂ ನಡೆಯುತ್ತಿದೆ. ಕೆಂಪು ಔಷಧಿ ಹೃದಯಕ್ಕೆ ಭಾರ, ಅದಕ್ಕೇ ಎಕೋ. ಔಷಧಿ ಕೊಡುವ ಏಳು ದಿನ ಅಷ್ಟೇನೂ ಕಷ್ಟ ಅಲ್ಲ. ಆಮೇಲಿನ ಮೂರು ವಾರವೇ ಕಷ್ಟ. ರಕ್ತಕಣಗಳ ಕೌಂಟ್ ನೆಲಕಚ್ಚಿರುತ್ತದೆ, ಬಾಯಿಹುಣ್ಣು, ಭೇದಿ, ಜ್ವರ, ಶ್ವಾಸಕೋಶಕ್ಕೆ ಫಂಗಸ್. ನಮ್ಮಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿ, ಹಾಗಾಗಿ ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ಸೋಂಕಿನ ಭಯ ಹೆಚ್ಚು. ಇದನ್ನು ದಾಟಿ ರೆಮಿಶನ್ ಬಂದರೆ, ಅಂದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದಷ್ಟು ಇಳಿದರೆ, ಇನ್ನೂ ಕೆಲವು ಸುತ್ತು ಕೀಮೋ ಅಥವಾ ಟ್ರಾನ್ಸ್‌ಪ್ಲಾಂಟ್ (ಬೇರೆಯವರ ಮ್ಯಾರೋ ಹಾಕುವುದು), ಅಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ.

ಅಜಾ-ವೆನ್ ಅಂದರೆ ತಿಂಗಳಿಗೆ ಏಳು ದಿನ ಅಜಾಸಿಟಿಡಿನ್ ಇಂಜೆಕ್ಷನ್, ಜೊತೆಗೆ ದಿನಾ ವೆನೆಟೊಕ್ಲಾಕ್ಸ್ ಮಾತ್ರೆ. 2020ರ ದೊಡ್ಡ ಪ್ರಯೋಗದಲ್ಲಿ ಅಜಾಸಿಟಿಡಿನ್ ಒಂದನ್ನೇ ಪಡೆದವರಲ್ಲಿ ಅರ್ಧದಷ್ಟು ಜನ 9.6 ತಿಂಗಳು ದಾಟಿದರು, ಎರಡೂ ಪಡೆದವರಲ್ಲಿ ಅರ್ಧದಷ್ಟು ಜನ 14.7 ತಿಂಗಳು ದಾಟಿದರು. ಈ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ. ಆ ಪ್ರಯೋಗದಲ್ಲಿದ್ದವರು 75 ದಾಟಿದವರು, ಇಲ್ಲವೇ ಹೃದಯ, ಶ್ವಾಸಕೋಶ ಮುಂತಾದ ತೊಂದರೆಯಿಂದ ಜೋರು ಕೀಮೋ ತಡೆಯಲಾರದವರು. ನಿಮ್ಮ ತಂದೆ ಆ ಗುಂಪಿಗೆ ಸೇರುತ್ತಾರಾ ಅನ್ನುವುದೇ ಈಗ ಡಾಕ್ಟರು ಹೇಳಬೇಕಾದದ್ದು. 63 ಅನ್ನುವ ಅಂಕಿ ಮಾತ್ರ ನೋಡಿ ಹೇಳಲಾಗದು. ಎಕೋ ಚೆನ್ನಾಗಿದ್ದು, ಕಿಡ್ನಿ ಸರಿಯಿದ್ದು, ತೋಟ ಸುತ್ತುತ್ತಿದ್ದ ಮನುಷ್ಯ ಅಂದರೆ ಬರೀ ವಯಸ್ಸಿನ ನೆಪದಲ್ಲಿ 7+3 ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ರಿಪೋರ್ಟ್ ಕೆಟ್ಟದಾಗಿ ಬಂದರೆ ಅಜಾ-ವೆನ್ ಕೊಟ್ಟು, ರೆಮಿಶನ್ ಬಂದ ಮೇಲೆ ಟ್ರಾನ್ಸ್‌ಪ್ಲಾಂಟ್‌ಗೆ ಹೋಗುವುದೂ ಒಂದು ದಾರಿ, ಅದನ್ನೂ ಕೇಳಿ.

"ಸಾಕು" ಅಂದ ಮಾತ್ರಕ್ಕೆ ಅಜಾ-ವೆನ್ ಹಗುರ ಅಂದುಕೊಳ್ಳಬೇಡಿ. ಇದರಲ್ಲೂ ಕೌಂಟ್ ಬೀಳುತ್ತದೆ, ಪ್ಲೇಟ್‌ಲೆಟ್ ಹಾಕಿಸಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಊರಿಗೆ ಹೋಗಬೇಡಿ, ಆಸ್ಪತ್ರೆ ಹತ್ತಿರ ರೂಮ್ ಮಾಡಿ. ತಿಪಟೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಜ್ವರ 100.4 ಆದರೆ ಏನು ಮಾಡುತ್ತೀರಿ? ಡೋಲೊ ಕೊಟ್ಟು ಬೆಳಗಾಗಲಿ ಅಂತ ಕಾಯುವವರೇ ಜಾಸ್ತಿ. ಕೌಂಟ್ ಇಲ್ಲದವರಿಗೆ ಜೀವಕ್ಕೆ ಕುತ್ತು ಬರಲು ಆ ಒಂದು ರಾತ್ರಿ ಸಾಕು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ಇನ್ನೊಂದು ವಿಷಯ, ವೆನೆಟೊಕ್ಲಾಕ್ಸ್ ತೆಗೆದುಕೊಳ್ಳುವಾಗ ಚಕ್ಕೋತ, ಕಮರಾಕ್ಷಿ ಹಣ್ಣು ಬೇಡ. ರಕ್ತದಲ್ಲಿ ಔಷಧಿಯ ಮಟ್ಟ ಏರಿಬಿಡುತ್ತದೆ. ಕಷಾಯ, ನಾಟಿ ಔಷಧಿ ಏನಾದರೂ ಕೊಡುತ್ತಿದ್ದರೆ ಮುಚ್ಚಿಡದೆ ಹೇಳಿ.

ಖರ್ಚಿನ ಲೆಕ್ಕ ಎರಡರಲ್ಲೂ ಬೇರೆ. 7+3ರ ಔಷಧಿಗಳು ಹಳೆಯವು, ಅಷ್ಟು ದುಬಾರಿ ಅಲ್ಲ. ದುಡ್ಡು ಹೋಗುವುದು ಆಂಟಿಬಯೋಟಿಕ್, ಫಂಗಸ್ ಔಷಧಿ, ಎಸ್‌ಡಿಪಿ (ಒಬ್ಬರೇ ದಾನಿಯಿಂದ ಮೆಷಿನ್ ಮೂಲಕ ತೆಗೆದ ಪ್ಲೇಟ್‌ಲೆಟ್), ಅಕಸ್ಮಾತ್ ಐಸಿಯುಗೆ. ಅಜಾ-ವೆನ್‌ನಲ್ಲಿ ಮಾತ್ರೆಯೇ ದುಬಾರಿ, ಕೆಲಸ ಮಾಡುವಷ್ಟು ಕಾಲ ಮುಂದುವರಿಸಬೇಕು. ಪೊಸಕೊನಜೋಲ್ ಥರದ ಫಂಗಸ್ ಮಾತ್ರೆ ಜೊತೆಗಿದ್ದರೆ ವೆನೆಟೊಕ್ಲಾಕ್ಸ್ ಡೋಸ್ ಡಾಕ್ಟರೇ ತುಂಬಾ ಇಳಿಸುತ್ತಾರೆ, ಖರ್ಚೂ ಇಳಿಯುತ್ತದೆ. ನೀವಾಗಿಯೇ ಇಳಿಸಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಬಿಪಿಎಲ್ ಇಲ್ಲದವರಿಗೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಯಾವ ಔಷಧಿ ಪ್ಯಾಕೇಜಿನಲ್ಲಿದೆ, ಯಾವುದು ಇಲ್ಲ ಅಂತ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಕಿದ್ವಾಯಿಯಲ್ಲೂ ಒಂದು ಅಭಿಪ್ರಾಯ ಪಡೆಯಬಹುದು.

ತಂದೆಗೆ ಕಾಯಿಲೆಯ ಹೆಸರು ಹೇಳಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹೇಳಿರದಿದ್ದರೆ ಹೇಳಿ. ವಾರ್ಡಿನಲ್ಲಿ ತಿಂಗಳು ಮಲಗುವವರು ಅವರು. ಎಲ್ಲ ತಿಳಿದ ಮೇಲೆ "ನನಗೆ ಜೋರು ಚಿಕಿತ್ಸೆ ಬೇಡ, ರಕ್ತ ಹಾಕಿಸಿ, ಮಾತ್ರೆ ಕೊಡಿ, ಮನೆಯಲ್ಲಿರುತ್ತೇನೆ" ಅಂದರೆ ಅದೂ ಒಂದು ಆಯ್ಕೆ. ಅದಕ್ಕೂ ಡಾಕ್ಟರು ವ್ಯವಸ್ಥೆ ಮಾಡಿಕೊಡುತ್ತಾರೆ.

ಕೊನೆಗೆ, ಚಿಕ್ಕಪ್ಪ ಮತ್ತು ನೀವು ರಕ್ತ ಕೊಡಲು ಸಿದ್ಧರಿದ್ದೀರಿ ಅಂತ ಬರೆದಿದ್ದೀರಿ. ತಂದೆಗೆ ನೇರವಾಗಿ ಕೊಡಬೇಡಿ. ಮುಂದೆ ಟ್ರಾನ್ಸ್‌ಪ್ಲಾಂಟ್ ಮಾತು ಬಂದರೆ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಕ್ಕಳು ಸಾಮಾನ್ಯವಾಗಿ ಅರ್ಧ ಹೊಂದುತ್ತಾರೆ, ಈಗ ಅರ್ಧ ಹೊಂದಿದವರಿಂದಲೂ ಮಾಡುತ್ತಾರೆ. ಈಗಲೇ ನಿಮ್ಮ ರಕ್ತ ಹಾಕಿದರೆ ಅವರ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಂಡು, ಆಮೇಲೆ ನಿಮ್ಮ ಮ್ಯಾರೋವನ್ನೇ ಒಪ್ಪದಿರಬಹುದು. ಸ್ನೇಹಿತರನ್ನು, ಊರಿನವರನ್ನು ಕರೆಸಿ ಎಸ್‌ಡಿಪಿ ಕೊಡಿಸಿ. ನೀವಿಬ್ಬರೂ ಎಚ್‌ಎಲ್‌ಎ ಟೆಸ್ಟ್ (ಮ್ಯಾರೋ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ಯಾವಾಗ ಮಾಡಿಸಬೇಕು ಅಂತ ನಾಳೆಯೇ ಡಾಕ್ಟರನ್ನು ಕೇಳಿ.