ಇಂಡಿಯಾ ಆಡಿದವರಿಲ್ಲ, ಏನಂತ ಬರೆಯೋದು?

ಓದುಗರ ಪತ್ರ: ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದ ಸರ್ ತೀರಿಕೊಂಡರು. ಪುತ್ತೂರು ಕಡೆಯವರು. ಕಬಡ್ಡಿ ಆಡುತ್ತಿದ್ದವರು, ಇಲ್ಲಿಗೆ ಬಂದು ಹಾಕಿ ಕಲಿಸಿದರು. ಎಲ್ಲರಿಗೂ ಸುದ್ದಿ ತಿಳಿಸುವ ಬರಹ ನೀನೇ ಬರಿ ಅಂತ ಹಳೆಯ ವಿದ್ಯಾರ್ಥಿಗಳು ಹೇಳಿದ್ದಾರೆ. ಬರೆದದ್ದನ್ನು ಜೊತೆಗೆ ಇಟ್ಟಿದ್ದೇನೆ. ಒಂದೇ ಸಂಕಟ. ಅವರ ಹತ್ತಿರ ಕಲಿತ ಯಾರೂ ಇಂಡಿಯಾ ಟೀಮಿಗೆ ಹೋಗಲಿಲ್ಲ. ಕೊಡಗಿನಲ್ಲಿ ಹಾಕಿ ಕೋಚ್ ಬಗ್ಗೆ ಬರೆಯುವಾಗ ಇದನ್ನು ಹೇಗೆ ಮುಚ್ಚಿಡೋದು?
– ಹಳೆಯ ವಿದ್ಯಾರ್ಥಿನಿ, ಗೋಣಿಕೊಪ್ಪ

ಸಂಪಾದಕರ ಉತ್ತರ:

ಮುಚ್ಚಿಡಬೇಡಿ. ನೇರವಾಗಿ ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ಸಂಕಟ ಎಲ್ಲಿಂದ ಬಂತು ಅಂತ ಗೊತ್ತು. ಇಂಡಿಯಾ ಹಾಕಿ ಟೀಮಿಗೆ ಆಡಿದ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಹೆಸರು ಕೇಳಿಕೊಂಡೇ ಬೆಳೆದವರು ನಾವು. 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಸೋಮಯ್ಯ ಇದ್ದರು. ಹೀಗಾಗಿ ಇಲ್ಲಿ ಕೋಚ್ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಯಾರನ್ನು ತಯಾರು ಮಾಡಿದರು?" ಉಳಿದ ಊರುಗಳ ಕೋಚ್‌ಗಳಿಗೆ ಈ ಕಾಟ ಇಷ್ಟಿರಲಿಕ್ಕಿಲ್ಲ.

ಆದರೆ ಕೊಡಗಿನ ಹಾಕಿ ಅಂದರೆ ಅವರಷ್ಟೇ ಅಲ್ಲ ಅಲ್ವಾ? 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಅದೇ ಹಾಕಿ ಕಪ್‌ಗೆ 360 ತಂಡ. ಒಂದೇ ತಂಡದಲ್ಲಿ ಮಾವ, ಸೊಸೆ, ಶಾಲೆಗೆ ಹೋಗುವ ಹುಡುಗ ಎಲ್ಲ ಆಡುತ್ತಾರೆ. ಇಷ್ಟು ಜನರಿಗೆ ಸ್ಟಿಕ್ ಹಿಡಿಯಲು ಕಲಿಸಿದವರು ಯಾರು? ಒಂದಷ್ಟು ಮನೆಯ ಅಂಗಳದಲ್ಲೇ ಬಂತು, ನಿಜ. ಉಳಿದದ್ದನ್ನು ಕಲಿಸಿದವರು ಶಾಲೆಯ ಪಿ.ಟಿ. ಮಾಸ್ಟರ್‌ಗಳು ಮತ್ತು ನಿಮ್ಮ ಸರ್ ತರಹದ ಪಿ.ಡಿ.ಗಳು, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು.

ಇನ್ನು ನಿಮ್ಮ ಬರಹ. "ಕ್ರೀಡಾ ಲೋಕಕ್ಕೆ ತುಂಬಲಾರದ ನಷ್ಟ", "ಕ್ರೀಡಾ ಮಾಣಿಕ್ಯ", "ಅಜಾತಶತ್ರು". ಇದೆಲ್ಲ ಯಾರಿಗೆ ಬೇಕಾದರೂ ಒಪ್ಪುತ್ತದೆ. ಕೊನೆಗೆ ಮಾತ್ರ "ಇದೆಲ್ಲ ಹಾಕೋದು ಬೇಡ ಅಲ್ವಾ" ಅಂತ ಸಣ್ಣ ಅಕ್ಷರದಲ್ಲಿ ಒಂದಷ್ಟು ಬರೆದಿದ್ದೀರಿ. ನಿಮ್ಮ ಸರ್ ಇರುವುದೇ ಅಲ್ಲಿ. ಹಾಕಿ ಗೊತ್ತಿಲ್ಲದೆ ಬಂದವರು ರೂಲ್ ಪುಸ್ತಕ ಇಟ್ಟುಕೊಂಡು ಹುಡುಗರ ಹತ್ತಿರವೇ ಕೇಳಿ ಕಲಿತದ್ದು. 1990ರ ದಶಕದ ಕೊನೆಗೆ ಆಫ್‌ಸೈಡ್ ನಿಯಮ (ಎದುರಾಳಿ ಗೋಲ್ ಹತ್ತಿರ ಮೊದಲೇ ಹೋಗಿ ನಿಲ್ಲಬಾರದು ಅನ್ನೋದು) ಹೋದಾಗ ಕಲಿತದ್ದನ್ನೆಲ್ಲ ಮತ್ತೆ ಬದಲಾಯಿಸಿಕೊಂಡದ್ದು. ಹುಡುಗಿಯರ ಟೀಮ್ ಕಟ್ಟಲು ಮನೆಮನೆಗೆ ಹೋಗಿ, ತೋಟದ ಕೆಲಸ ಮುಗಿಯುವ ತನಕ ಕಾದು ತಾಯಂದಿರ ಹತ್ತಿರ ಮಾತಾಡಿದ್ದು. ಅಂತರ ಕಾಲೇಜು ಪಂದ್ಯಕ್ಕೆ ಸಂಪಾಜೆ ಘಾಟಿ ಇಳಿಯುವಾಗ ವಾಂತಿ ಮಾಡುವವರಿಗೆ ಅಂತ ನಿಂಬೆಹಣ್ಣು ಜೇಬಲ್ಲೇ ಇಟ್ಟುಕೊಂಡದ್ದು. ನಿಂಬೆಹಣ್ಣು ಓದಿ ನಾನು ನಕ್ಕೆ. ಅದನ್ನು ದಯವಿಟ್ಟು ತೆಗೆಯಬೇಡಿ.

ಇಂಡಿಯಾಕ್ಕೆ ಯಾಕೆ ಯಾರೂ ಹೋಗಲಿಲ್ಲ ಅಂತಲೂ ಎರಡು ಸಾಲು ಬರೆಯಬಹುದು. ಒಲಿಂಪಿಕ್ಸ್‌ನಲ್ಲಿ 1976ರಿಂದಲೇ ಹಾಕಿ ಕೃತಕ ಟರ್ಫ್ (ಹುಲ್ಲುಹಾಸು) ಮೇಲೆ ನಡೆಯುತ್ತಿದೆ. ನಿಮ್ಮ ಕಾಲೇಜಿನದು ಮಣ್ಣಿನ ಮೈದಾನ, ಜೂನ್‌ನಿಂದ ಸೆಪ್ಟೆಂಬರ್ ತನಕ ಬರೀ ಕೆಸರು. ಮಣ್ಣಲ್ಲಿ ಚೆಂಡು ಎಲ್ಲೆಲ್ಲೋ ಪುಟಿಯುತ್ತದೆ. ಟರ್ಫ್ ಮೇಲೆ ನೇರವಾಗಿ, ಜೋರಾಗಿ ಬರುತ್ತದೆ. ಹತ್ತೊಂಬತ್ತು, ಇಪ್ಪತ್ತರ ವಯಸ್ಸಿಗೆ ಮೊದಲ ಸಲ ಟರ್ಫ್ ಮೆಟ್ಟಿದವರು ಸೆಲೆಕ್ಷನ್‌ನಲ್ಲಿ ಹಿಂದೆ ಬಿದ್ದರೆ ಅದು ಕೋಚ್ ತಪ್ಪಲ್ಲ.

ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲದ್ದು ಒಂದಿದೆ. ಸ್ಪೋರ್ಟ್ಸ್ ಕೋಟಾ, ಅಂದರೆ ಆಟಗಾರರಿಗೆ ಅಂತ ಮೀಸಲಿಟ್ಟ ಕೆಲಸಗಳು. ಅವರ ಹುಡುಗರಲ್ಲಿ ಎಷ್ಟು ಜನ ಸೈನ್ಯಕ್ಕೆ, ಪೊಲೀಸ್‌ಗೆ, ರೈಲ್ವೆಗೆ, ಬ್ಯಾಂಕಿಗೆ ಹೋದರು? ಅರ್ಜಿ ತುಂಬಿ, ಸರ್ಟಿಫಿಕೇಟ್‌ಗೆ ಸೀಲ್ ಹಾಕಿಸಿ, ಟ್ರಯಲ್ಸ್ ಯಾವತ್ತು ಅಂತ ಮನೆಗೆ ಹೇಳಿ ಕಳಿಸಿದವರು ಯಾರು? ಕಾಲೇಜು ಕೋಚ್‌ನ ಅರ್ಧ ಕೆಲಸ ಅದು. ಎಷ್ಟೋ ಮನೆಯಲ್ಲಿ ಮೊದಲ ಸಂಬಳ ಬಂದದ್ದು ಆ ದಾರಿಯಲ್ಲಿ. ನಿಮ್ಮ ಗ್ರೂಪಿನಲ್ಲಿ ಕೇಳಿ, ಒಪ್ಪಿದವರ ಹೆಸರು ಹಾಕಿ. ಕಪ್ ಗೆದ್ದ ಪಟ್ಟಿ ಕಡಿಮೆಯಾದರೂ ಪರವಾಗಿಲ್ಲ.

ಇಲ್ಲಿ ಹಿಂದೆ ಕೊಡವ ಮನೆಗಳಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ತಿಳಿಸುತ್ತಿದ್ದರು. ಅದರಲ್ಲಿ ಹೊಗಳಿಕೆ ಇರಲಿಲ್ಲ. ಕೇಳಿದವರು ಕೆಲಸ ಬಿಟ್ಟು ಹೊರಟು ಬರುತ್ತಿದ್ದರು. ನಿಮ್ಮ ಮೊದಲ ಸಾಲೂ ಅಷ್ಟೇ ಚಿಕ್ಕದಿರಲಿ. ಯಾರು, ಯಾವತ್ತು, ಎಲ್ಲಿ, ಉತ್ತರಕ್ರಿಯೆ ಎಲ್ಲಿ. ಕಾಯಿಲೆ ಏನು ಅಂತ ಮನೆಯವರು ಹೇಳದಿದ್ದರೆ ನೀವೂ ಬರೆಯಬೇಡಿ. ಅವರ ಹೆಸರಲ್ಲಿ ಟ್ರೋಫಿ ಇಡುವ ದುಡ್ಡಿನ ಮಾತು ಇದರಲ್ಲೇ ಸೇರಿಸಬೇಡಿ, ಅದಕ್ಕೆ ಇನ್ನೊಂದು ದಿನ ಇದೆ. ಅಚ್ಚಿಗೆ ಕೊಡುವ ಮೊದಲು ಪುತ್ತೂರಿನ ಮನೆಯವರಿಗೆ ಒಂದು ಸಲ ಓದಿ ಹೇಳಿ.

ತಿದ್ದಿದ್ದನ್ನು 20ನೇ ತಾರೀಕಿನೊಳಗೆ ಕಳಿಸಿ. ಒಂದು ಪೂರ್ತಿ ಪುಟ ಬಿಟ್ಟಿರುತ್ತೇವೆ. ಹಾರ ಹಾಕಿದ ಫೋಟೋ ಬೇಡ. ಮೈದಾನದಲ್ಲಿ ತೆಗೆದದ್ದು ಇದ್ದರೆ, ಮಸುಕಾಗಿದ್ದರೂ ಸರಿ, ಅದನ್ನೇ ಕೊಡಿ.